ಮ್ಯಾನ್‌ಹೈಮ್‌ನ ಇನ್ನೊಬ್ಬ ಓಬೋ ವಾದಕ

ಮೊಜಾರ್ಟ್ ಒಂದು ಕೃತಿ ಬರೆದುಕೊಟ್ಟರೆ ಸಾಕು, ವಾದಕನ ಹೆಸರು ಉಳಿದಂತೆಯೇ. ಜರ್ಮನಿಯ ಮ್ಯಾನ್‌ಹೈಮ್ ಆಸ್ಥಾನದ ಓಬೋ ವಾದಕ ಫ್ರೀಡ್ರಿಖ್ ರಾಮ್ ಹಾಗೆ ಉಳಿದವನು. 1781ರಲ್ಲಿ ಮೊಜಾರ್ಟ್ ಅವನಿಗೆಂದು ರಚಿಸಿದ ಓಬೋ ಕ್ವಾರ್ಟೆಟ್ ಇಂದಿಗೂ ವೇದಿಕೆಯಲ್ಲಿದೆ. ಅದೇ ಆಸ್ಥಾನದ ವಾದ್ಯವೃಂದದಲ್ಲಿ ಓಬೋ ನುಡಿಸುತ್ತಿದ್ದ ಲುಡ್ವಿಗ್ ಆಗಸ್ಟ್ ಲೆಬ್ರೂನ್‌ಗೆ ಆ ಯೋಗ ಕೂಡಿಬರಲಿಲ್ಲ. ವಾದ್ಯವೃಂದದೊಡನೆ ನುಡಿಸುವ ತನ್ನ ಕಾನ್ಚೆರ್ಟೊಗಳನ್ನು ಅವನು ತಾನೇ ಬರೆದುಕೊಂಡ.

1752ರಲ್ಲಿ ಮ್ಯಾನ್‌ಹೈಮ್‌ನಲ್ಲಿ ಹುಟ್ಟಿದ ಲೆಬ್ರೂನ್ ಹನ್ನೆರಡರ ಹರೆಯಕ್ಕೇ ಆ ವಾದ್ಯವೃಂದ ಸೇರಿದ. ಹೆಂಡತಿ ಫ್ರಾನ್ಸಿಸ್ಕಾ ಡಾಂಜಿ ಹೆಸರಾಂತ ಗಾಯಕಿ, ಸೊನಾಟಾಗಳನ್ನು ರಚಿಸಿದವಳು. 1778ರಲ್ಲಿ ಮಿಲಾನಿನ ಲಾ ಸ್ಕಾಲಾ ರಂಗಮಂದಿರ ಸಾಲಿಯೆರಿಯ ಒಪೆರಾದೊಂದಿಗೆ ಬಾಗಿಲು ತೆರೆದಾಗ ಹಾಡಿದವರಲ್ಲಿ ಅವಳೂ ಒಬ್ಬಳು. ಗಂಡ ಹೆಂಡತಿ ಕೂಡಿ ನುಡಿಸಿ ಹಾಡುವಾಗ ಮೇಲಿನ ಸ್ವರ ಯಾರದು, ಕೆಳಗಿನದು ಯಾರದು ಎಂದು ತಿಳಿಯುವುದೇ ಇಲ್ಲ ಎಂದು ಇಂಗ್ಲೆಂಡಿನ ಸಂಗೀತ ಇತಿಹಾಸಕಾರ ಚಾರ್ಲ್ಸ್ ಬರ್ನಿ ಬರೆದ. ಅವನದು ಆಕ್ಷೇಪ: ಆಕೆ ಓಬೋ ಬಿಟ್ಟು ಬೇರೇನನ್ನೂ ಕೇಳಿಲ್ಲವೇನೋ ಎಂಬ ಕೊಂಕು. ನನಗಂತೂ ಅದು ಇಬ್ಬರಿಗೂ ಸಂದ ಹೊಗಳಿಕೆಯಾಗಿಯೇ ಕೇಳುತ್ತದೆ.

ಲೆಬ್ರೂನ್ ಏನೆಂದು ತಿಳಿಯಲು ಡಿ ಮೈನರ್ ಕಾನ್ಚೆರ್ಟೊ ಒಂದೇ ಸಾಕು. ನಮ್ಮ ನಾಗಸ್ವರದಂತೆ ಓಬೋದ ತುದಿಯಲ್ಲೂ ಎರಡು ಪದರದ ಪೀಪಿ. ಆದರೆ ಇದರ ಕಂಡಿ ಎಷ್ಟು ಕಿರಿದೆಂದರೆ ಊದಿದ ಗಾಳಿ ಬೇಗ ಖಾಲಿಯಾಗುವುದಿಲ್ಲ. ಎದೆಯಲ್ಲಿ ಹಳೆಯ ಉಸಿರು ಕಟ್ಟಿಕೊಂಡು ವಾದಕ ಒದ್ದಾಡುತ್ತಾನೆ. ಹೊಸದನ್ನು ಎಳೆದುಕೊಳ್ಳುವ ಮೊದಲು ಅದನ್ನು ಹೊರಹಾಕಬೇಕು. ಇದನ್ನು ಬಲ್ಲವನ ಬರವಣಿಗೆ ಈ ಕಾನ್ಚೆರ್ಟೊದಲ್ಲಿದೆ. ವಾದ್ಯವೃಂದ ಬಿರುಗಾಳಿಯಂತೆ ಎರಗಿ ಹಿಂದೆ ಸರಿದ ಮೇಲೆ ಓಬೋ ಏಕಾಂಗಿಯಾಗಿ ಮಾತಿಗೆ ತೊಡಗುತ್ತದೆ, ಆತುರವಿಲ್ಲದೆ. ನಡುವಿನ ನಿಧಾನಗತಿಯ ಭಾಗ ಶುದ್ಧ ಹಾಡುಗಾರಿಕೆ. ಹೆಂಡತಿಯ ಕಂಠ ಅವನ ಕಿವಿಯಲ್ಲಿತ್ತೆಂದು ನಾನು ಊಹಿಸಿಕೊಂಡಿದ್ದೇನೆ. ಕೊನೆಯ ಭಾಗ ಲವಲವಿಕೆಯದು, ಅಷ್ಟೇ. ಕಥೆಯನ್ನು ಕಟ್ಟಕಡೆಯವರೆಗೂ ಬಿಗಿಯಾಗಿ ಹಿಡಿಯುವ ಮೊಜಾರ್ಟ್‌ನ ತಾಕತ್ತು ಇವನಿಗಿಲ್ಲ, ಒಪ್ಪಿದೆ. ಆದರೆ ಅದೊಂದು ಅಳತೆಗೋಲು ಹಿಡಿದು ಆ ಕಾಲದ ಎಲ್ಲರನ್ನೂ ಮೂಲೆಗೆ ತಳ್ಳುವ ರಸಿಕರ ಚಾಳಿ ನನಗೆ ಹಿಡಿಸದು.

ಲೆಬ್ರೂನ್ 1790ರ ಡಿಸೆಂಬರಿನಲ್ಲಿ ಬರ್ಲಿನ್‌ನಲ್ಲಿ ತೀರಿಕೊಂಡ, ಮೂವತ್ತೆಂಟಕ್ಕೆ. ಫ್ರಾನ್ಸಿಸ್ಕಾ ಮರುವರ್ಷ ಮೇ ತಿಂಗಳಲ್ಲಿ ಅವನ ಹಿಂದೆಯೇ ಹೋದಳು. ಅವನ ಕಾನ್ಚೆರ್ಟೊಗಳನ್ನು ಸ್ವಿಟ್ಜರ್‌ಲೆಂಡಿನ ಹೈಂಟ್ಸ್ ಹಾಲಿಗರ್, ನೆದರ್‌ಲೆಂಡ್ಸ್‌ನ ಬಾರ್ಟ್ ಶ್ನೇಮನ್ ಇಬ್ಬರೂ ಧ್ವನಿಮುದ್ರಿಸಿದ್ದಾರೆ. ಹಾಲಿಗರ್‌ನ ಡಿ ಮೈನರ್‌ನಿಂದ ಶುರುಮಾಡಿ. ನಡುವಿನ ಭಾಗವನ್ನು ಎರಡು ಸಲ ಕೇಳಿ.