ಎರಡನೆಯ ಕೃತಿಯ ಒರೆಗಲ್ಲು

ಮೊದಲ ಕೃತಿಯಿಂದ ಹೆಸರಾದವರಿಗೆ ಎರಡನೆಯದೇ ನಿಜವಾದ ಒರೆಗಲ್ಲು. ಕೆನಡಾದ ಮಾಂಟ್ರಿಯಲ್ ನಗರದ ‘ಆರ್ಕೇಡ್ ಫೈರ್’ ಎಂಬ ಇಂಡಿ ರಾಕ್ ಮೇಳಕ್ಕೂ ಇದೇ ಪರೀಕ್ಷೆ ಒದಗಿತು.

2004ರ ‘ಫ್ಯೂನೆರಲ್’ ಬಂಧುಗಳ ಮರಣದ ನೆರಳಿನಲ್ಲಿ ಮೂಡಿದ ಧ್ವನಿಮುದ್ರಿಕೆ. ನೆರೆಹೊರೆ ಎಂಬ ಅರ್ಥದ ಹೆಸರುಳ್ಳ ನಾಲ್ಕು ಹಾಡುಗಳು ಅದರಲ್ಲಿವೆ. ಅದರ ದುಃಖ ಮನೆಯಂಗಳದ ದುಃಖ. 2007ರ ‘ನಿಯಾನ್ ಬೈಬಲ್’ಗಾಗಿ ಮೇಳವು ಫಾರ್ನ್‌ಹ್ಯಾಮ್ ಊರಿನ ಹಳೆಯ ಇಗರ್ಜಿಯೊಂದನ್ನು ಕೊಂಡು ಧ್ವನಿಮುದ್ರಣಾಲಯವಾಗಿಸಿತು. ಭಾವವೂ ಅಂಗಳವನ್ನು ದಾಟಿ ಯುದ್ಧ, ಮತ, ಪ್ರಚಾರಗಳ ಭೀತಿಯತ್ತ ಹರಿಯಿತು.

ನಾದದ ಈ ಹಿಗ್ಗು ಸಾರ್ಥಕವೆ? ಕ್ಷೇಮೇಂದ್ರನು ಹೇಳಿದ ಔಚಿತ್ಯವೇ ಇಲ್ಲಿ ನಮಗೆ ಅಳತೆಗೋಲು. ‘ಇಂಟರ್ವೆನ್ಷನ್’ ಹಾಡಿನಲ್ಲಿ ಪೈಪ್ ಆರ್ಗನ್ನು ಗಂಭೀರವಾಗಿ ಮೊಳಗುತ್ತದೆ. ಮತದ ಹೆಸರಿನ ದುಡಿಮೆಯನ್ನು ಪ್ರಶ್ನಿಸುವ ಹಾಡಿಗೆ ಇಗರ್ಜಿಯ ವಾದ್ಯವೇ ಒದಗಿರುವುದು ಅರ್ಥವನ್ನು ಇಮ್ಮಡಿಸುತ್ತದೆ. ಆದರೆ ‘ನೋ ಕಾರ್ಸ್ ಗೋ’ ಬೇರೆ ಮಾತು. 2003ರ ಕಿರುಮುದ್ರಿಕೆಯಲ್ಲಿದ್ದ ಈ ಹಾಡು ಇಲ್ಲಿ ವಾದ್ಯವೃಂದದ ವೈಭವದೊಡನೆ ಮರಳಿದೆ. ವಾಹನಗಳು ಸುಳಿಯದ ಗುಟ್ಟಿನ ತಾಣವನ್ನು ಇಷ್ಟು ಗಟ್ಟಿಯಾಗಿ ಸಾರಿದರೆ ಗುಟ್ಟು ಉಳಿದೀತೆ? ಹಳೆಯ ರೂಪದ ಸಲಿಗೆಯೇ ನಮಗೆ ಹಿತವೆನಿಸಿತು.

ಬೆಳೆಯುವುದೆಂದರೆ ದನಿಯನ್ನು ಏರಿಸುವುದಲ್ಲ, ಏರಿಸಬೇಕಾದ ಎಡೆಯನ್ನು ಅರಿಯುವುದು. ವಿದ್ಯಾರ್ಥಿಗಳು ಆ ಹಾಡಿನ ಎರಡು ರೂಪಗಳನ್ನೂ ಒಂದರ ಬೆನ್ನಿಗೊಂದು ಕೇಳಲಿ. ಔಚಿತ್ಯವೆಂದರೇನೆಂಬುದು ಕಿವಿಗೇ ತಿಳಿದೀತು.