ಮೊದಲು ಪುಟ್ಟ ಅಲೆಯನ್ನು ನೋಡಿ

ಇಸಿಜಿ ಪಟ್ಟಿ ಕೈಗೆ ಬಂದರೆ ಹೊಸಬರ ಕಣ್ಣು ಎತ್ತರದ ಮೊನೆಗಳಿಗೇ ಅಂಟಿಕೊಳ್ಳುತ್ತದೆ. ಪ್ರತಿ ಮೊನೆಗೂ ತುಸು ಮೊದಲು ಒಂದು ಪುಟ್ಟ ಉಬ್ಬು ಬರುತ್ತದಲ್ಲ, ಅಲ್ಲಿ ನಿಲ್ಲಿ. ಅದು ಪಿ ಅಲೆ, ಹೃದಯದ ಮೇಲಿನ ಕೋಣೆಗಳಲ್ಲಿ ವಿದ್ಯುತ್ತು ಹರಿದ ಗುರುತು. ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುವುದರಿಂದ ಒಂದು ಸಣ್ಣ ಚೌಕವೆಂದರೆ 0.04 ಸೆಕೆಂಡು. ಎರಡನೇ ಲೀಡಿನಲ್ಲಿ, ಅಂದರೆ ಪಟ್ಟಿಯಲ್ಲಿ II ಎಂದು ಬರೆದ ಸಾಲಿನಲ್ಲಿ, ಪಿ ಅಲೆ ಮೂರು ಚೌಕದೊಳಗೆ ಮುಗಿಯಬೇಕು. ಅದಕ್ಕಿಂತ ಅಗಲವಾಗಿ, ನೆತ್ತಿ ಸೀಳಿಕೊಂಡಿದ್ದರೆ ಎಡ ಮೇಲ್ಕೋಣೆ ಹಿಗ್ಗಿರಬಹುದು. ಇಡೀ ಪಟ್ಟಿಯಲ್ಲಿ ನನಗೆ ಅತ್ಯಂತ ಅರ್ಥಪೂರ್ಣವಾಗಿ ಕಾಣುವ ಜಾಗ ಇದೇ.

ಹಿಗ್ಗುವುದೇಕೆ? ಹೃದಯ ವೈಫಲ್ಯದಲ್ಲಿ ಕೆಳಗಿನ ಎಡ ಕೋಣೆ ಬಂದ ರಕ್ತವನ್ನು ಸಾಕಷ್ಟು ತಳ್ಳಲಾರದು, ಇಲ್ಲವೇ ಸೆಟೆದುಕೊಂಡು ಸರಿಯಾಗಿ ತುಂಬಿಸಿಕೊಳ್ಳಲಾರದು. ಬಸಿಗಾಲುವೆ ಕಟ್ಟಿಕೊಂಡರೆ ಶೃಂಗೇರಿ ಬಳಿಯ ನಮ್ಮ ಕಿಗ್ಗದ ಮಳೆಗೆ ಅಡಿಕೆ ತೋಟದಲ್ಲಿ ನೀರು ಏರುವಂತೆ, ಒತ್ತಡ ಮೇಲ್ಕೋಣೆಗೆ ಏರುತ್ತದೆ. ಅದರ ತೆಳು ಗೋಡೆ ಹಿಗ್ಗಿ, ಜೀವಕೋಶಗಳ ನಡುವೆ ನಾರು ಬೆಳೆಯುತ್ತದೆ. ಆಗ ವಿದ್ಯುತ್ತು ಒಂದೆಡೆ ವೇಗವಾಗಿ, ಇನ್ನೊಂದೆಡೆ ನಿಧಾನವಾಗಿ ಸಾಗಿ, ಬಂದ ದಾರಿಗೇ ತಿರುಗಿ ಸುತ್ತತೊಡಗುತ್ತದೆ. ಕೋಶದೊಳಗಿನ ಕ್ಯಾಲ್ಸಿಯಂ ಸೋರಿ ಅಕಾಲದ ಮಿಡಿತಗಳೂ ಹುಟ್ಟುತ್ತವೆ. 1999ರಲ್ಲಿ ಮಾಂಟ್ರಿಯಲ್‌ನ ಸಂಶೋಧಕರು ನಾಯಿಗಳಲ್ಲಿ ಹೃದಯ ವೈಫಲ್ಯ ಉಂಟುಮಾಡಿ ನೋಡಿದಾಗ, ನಾರುಗಟ್ಟಿದ ಮೇಲ್ಕೋಣೆಗಳಲ್ಲಿ ಕೆರಳಿಸಿದ ಕಂಪನ ಬೇಗ ನಿಲ್ಲಲಿಲ್ಲ.

ಈ ಕಂಪನವೇ ಏಟ್ರಿಯಲ್ ಫಿಬ್ರಿಲೇಶನ್. ಪಟ್ಟಿಯಲ್ಲಿ ಪಿ ಅಲೆ ಮಾಯವಾಗಿ ತಳರೇಖೆ ನಡುಗುತ್ತದೆ. ಒಂದು ಕಾಗದದ ಅಂಚಿನಲ್ಲಿ ನಾಲ್ಕು ಮೊನೆಗಳನ್ನು ಗುರುತು ಹಾಕಿ ಮುಂದಕ್ಕೆ ಸರಿಸಿ, ಎಲ್ಲೂ ತಾಳೆಯಾಗುವುದಿಲ್ಲ. ಗರಗಸದ ಹಲ್ಲಿನಂತೆ ನಿಮಿಷಕ್ಕೆ ಸುಮಾರು 300 ಅಲೆ ಕಂಡರೆ ಅದು ಫ್ಲಟರ್, ಬೇರೆ ಬಗೆ. ಎದೆಗೆ ಸ್ಟೆತಸ್ಕೋಪ್ ಇಟ್ಟು ಮಣಿಕಟ್ಟಿನ ನಾಡಿಯನ್ನೂ ಎಣಿಸಿ: ಕೆಲವು ಬಡಿತಗಳು ಕೈವರೆಗೆ ಬರುವುದೇ ಇಲ್ಲ. ಕಂಪನದಿಂದ ಬಡಿತ ವೇಗವಾಗಿ, ವಾರಗಟ್ಟಲೆ ಹಾಗೇ ಉಳಿದರೆ ಕೆಳಗಿನ ಕೋಣೆ ಇನ್ನಷ್ಟು ಸೋಲುತ್ತದೆ. ಕಾರಣ ಯಾವುದು, ಪರಿಣಾಮ ಯಾವುದು ಎಂದು ಆಮೇಲೆ ಬಿಡಿಸುವುದು ಕಷ್ಟ.

ಇಂಥ ಪಟ್ಟಿಯನ್ನು ತಜ್ಞರಿಗೆ ತೋರಿಸುವುದು ನಮ್ಮಲ್ಲಿ ಸುಲಭವಲ್ಲ. ಕಿಗ್ಗದವರಿಗೆ ದೊಡ್ಡ ಹೃದಯದಾಸ್ಪತ್ರೆ ಎಂದರೆ ಶೃಂಗೇರಿ ದಾಟಿ, ಆಗುಂಬೆ ಘಾಟಿ ಇಳಿದು ಮಣಿಪಾಲ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ ಶುರುಮಾಡಿದ ‘ಮನೆ ಬಾಗಿಲಿಗೆ ಹೃದ್ರೋಗ ಚಿಕಿತ್ಸೆ’ಯ ಪ್ರಯತ್ನ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಟ್ಟು, ಪಟ್ಟಿಯ ಚಿತ್ರವನ್ನು ವಾಟ್ಸಾಪ್‌ನಲ್ಲಿ ತಜ್ಞರಿಗೆ ತಲುಪಿಸಿತು. ಘಟ್ಟದ ಮೇಲಿನ ಊರುಗಳಿಗೆ ಇದಕ್ಕಿಂತ ದೊಡ್ಡ ಉಪಕಾರ ನನಗೆ ತೋಚುವುದಿಲ್ಲ.

ಹಳೆಯ ಪಟ್ಟಿಗಳನ್ನು ಎಸೆಯದೆ ಜೋಡಿಸಿಟ್ಟು ಪಿ ಅಲೆಗಳನ್ನು ಹೋಲಿಸಿ. ಅವು ಕಾಣೆಯಾದ ಪಟ್ಟಿಯನ್ನು ಅಂದೇ ವೈದ್ಯರಿಗೆ ತೋರಿಸಿ. ಸರಿಯಾಗಿ ಕುಗ್ಗದ ಮೇಲ್ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗಬಹುದು. ಹೆಪ್ಪು ತಡೆಯುವ ಮಾತ್ರೆ ಬೇಕೇ ಎಂಬುದನ್ನು ಅವರು ತೀರ್ಮಾನಿಸಬೇಕು.