ಕೂಡಲಸಂಗಮದ ಜಗಳದಲ್ಲಿ ಕಳೆದುಹೋದ ರೋಮ್

ಎಸ್.ಎನ್. ಬಾಲಗಂಗಾಧರರ ಬಗ್ಗೆ ಕನ್ನಡದಲ್ಲಿ ತೀರ್ಪು ಎಂದೋ ಆಗಿಹೋಗಿದೆ: ಒಂದು ಬಣಕ್ಕೆ ಅವರು ಜಾತಿಯ ವಕೀಲ, ಇನ್ನೊಂದಕ್ಕೆ ಪರಂಪರೆಯ ಕಾವಲುಗಾರ. 2013ರಲ್ಲಿ ವಚನಗಳ ಕುರಿತು ‘ಪ್ರಜಾವಾಣಿ’ಯಲ್ಲಿ ನಡೆದ ವಾಗ್ವಾದದಿಂದ ಗಟ್ಟಿಯಾದ ಈ ತೀರ್ಪು ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ. ಬೈಯುವವರಲ್ಲಾಗಲಿ ಹೊಗಳುವವರಲ್ಲಾಗಲಿ 1994ರ ‘ದಿ ಹೀದನ್ ಇನ್ ಹಿಸ್ ಬ್ಲೈಂಡ್‌ನೆಸ್’ ಓದಿದ ಗುರುತು ಕಾಣುವುದು ಅಪರೂಪ. ಬೆಂಗಳೂರಿನಿಂದ ಬೆಲ್ಜಿಯಂನ ಘೆಂಟ್‌ಗೆ ಹೋಗಿ ಅಲ್ಲೇ ದಶಕಗಟ್ಟಲೆ ಕಲಿಸಿದ ಈ ವಿದ್ವಾಂಸರು ಮೊದಲಿಗೆ ಯುರೋಪಿನ ವಿಚಾರಗಳ ಚರಿತ್ರಕಾರರು. ಭಾರತ ಆಮೇಲೆ.

ಆ ಪುಸ್ತಕದ ಕಸುವೆಲ್ಲ ರೋಮಿನ ಭಾಗದಲ್ಲಿದೆ. ಸಿಸೆರೊನ ಸಂವಾದದ ಪುರೋಹಿತ ಕೋಟ್ಟಾ ದೇವರ ಪರವಾದ ವಾದಗಳನ್ನೆಲ್ಲ ಅಲುಗಾಡಿಸುತ್ತಾನೆ, ಹಿರಿಯರು ನಡೆಸಿಕೊಂಡು ಬಂದ ಪೂಜೆಯನ್ನು ಮಾತ್ರ ಬಿಡುವುದಿಲ್ಲ. ಆಚರಣೆಯ ಹಿಂದೆ ನಂಬಿಕೆ ಇರಲೇಬೇಕು, ಅದು ನಿಜವೋ ಸುಳ್ಳೋ ಆಗಿರಬೇಕು ಎಂದು ಪಟ್ಟು ಹಿಡಿದವರು ಕ್ರೈಸ್ತರು. ಲೂಥರ್, ಕಾಲ್ವಿನ್ನರು ಅದೇ ಅಸ್ತ್ರವನ್ನು ಪೋಪರ ಪುರೋಹಿತಶಾಹಿಯ ಮೇಲೆ ತಿರುಗಿಸಿದರು. ಜ್ಞಾನೋದಯದ ಚಿಂತಕರು ಚರ್ಚನ್ನು ತಿರಸ್ಕರಿಸಿಯೂ ಅಸ್ತ್ರವನ್ನು ಇಟ್ಟುಕೊಂಡರು. ಎಲ್ಲ ಜನಾಂಗಗಳಿಗೂ ಧರ್ಮ ಇದ್ದೇ ಇರುತ್ತದೆಂಬುದು ಮಾನವಶಾಸ್ತ್ರಕ್ಕೆ ದೈವಶಾಸ್ತ್ರದಿಂದ ಬಂದ ಬಳುವಳಿ ಎಂಬ ಬಾಲಗಂಗಾಧರರ ನಿರ್ಣಯ ನನಗೆ ಸರಿಯೆನಿಸುತ್ತದೆ. ನಮ್ಮಲ್ಲೂ ರೋಮಿನ ಹಾಗೆಯೇ: ಯಾವ ತತ್ತ್ವ ಒಪ್ಪಿ ಹೊರಟಿರಿ ಎಂದು ಕೆರೂರಿನಿಂದ ಬನಶಂಕರಿ ಜಾತ್ರೆಗೆ ಹೋಗುವವರನ್ನು ಯಾರೂ ಕೇಳುವುದಿಲ್ಲ. 578ರಲ್ಲಿ ಚಾಲುಕ್ಯರ ಮಂಗಲೇಶ ಬಾದಾಮಿಯಲ್ಲಿ ವಿಷ್ಣುವಿಗೆ ಅರ್ಪಿಸಿದ ಗುಹೆಯ ಪಕ್ಕದಲ್ಲೇ ಜೈನ ಗುಹೆಯಿದೆ. 634ರಲ್ಲಿ ಐಹೊಳೆಯ ಮೇಗುತಿಯಲ್ಲಿ ಪುಲಕೇಶಿಯನ್ನು ಹೊಗಳಿದ ರವಿಕೀರ್ತಿ ಜೈನ. ಹಾಗಾದರೆ ಅಬ್ಬಲೂರಿನಲ್ಲಿ ಶಿವಭಕ್ತ ಏಕಾಂತದ ರಾಮಯ್ಯ ಜೈನರೆದುರು ತಲೆಯನ್ನೇ ಪಣವಿಟ್ಟದ್ದೇಕೆ? ತೊಡಕಿನ ಪ್ರಶ್ನೆಯೇ. ಆದರೆ ಆ ಪಣದಲ್ಲಿ ಗೆದ್ದವನಿಗೆ ದಕ್ಕಬೇಕಾದದ್ದು ಜಿನನ ಜಾಗದಲ್ಲಿ ಶಿವನ ಸ್ಥಾಪನೆ. ಜೈನರ ಮನಃಪರಿವರ್ತನೆ ಅಲ್ಲಿ ಮುಖ್ಯವಲ್ಲ. ಇದು ನನ್ನ ಪಕ್ಷಪಾತ ಎನ್ನುವವರು ಅನ್ನಲಿ.

ಪಕ್ಷಪಾತ ಇಲ್ಲಿಗೆ ಸಾಕು, ಏಕೆಂದರೆ ಬಾಲಗಂಗಾಧರರ ಮತ್ತು ಅವರ ಶಿಷ್ಯರ ಘೆಂಟ್ ಪಂಥ ಎಡವಿದ್ದು ನಮ್ಮ ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ, ಅಂದರೆ ವಚನಗಳಲ್ಲಿ. ಬ್ರಾಹ್ಮಣ ಪುರೋಹಿತಶಾಹಿಯ ಬಗ್ಗೆ ಮಿಷನರಿಗಳು ಬರೆದ ಚಿತ್ರವನ್ನೇ ಆಧುನಿಕರು ವಚನಗಳ ಮೇಲೆ ಹೊರಿಸಿದರು, ಜಾತಿವಿರೋಧಿ ಚಳವಳಿ ಎಂಬ ಓದು ಅಲ್ಲಿಂದ ಬಂತು ಎನ್ನುತ್ತಾರೆ. 1923ರಲ್ಲಿ ‘ವಚನಶಾಸ್ತ್ರಸಾರ’ ತಂದ ಹಳಕಟ್ಟಿಯವರ ಕಾಲದ ಭಾಷೆಯಲ್ಲಿ ಪ್ರಾಟೆಸ್ಟಂಟ್ ವಾಸನೆ ಇದ್ದೀತು. ಆದರೆ ಅಂತ್ಯಜ ಶಿವನಾಗಿಮಯ್ಯನ ಸಂಗ ಮಾಡಿದ ಬಸವಣ್ಣನ ಮೇಲೆ ಬ್ರಾಹ್ಮಣರು ಕಲ್ಯಾಣದ ದೊರೆ ಬಿಜ್ಜಳನಿಗೆ ದೂರು ಕೊಟ್ಟ ಕಥೆಯನ್ನು ಕವಿ ಪಾಲ್ಕುರಿಕೆ ಸೋಮನಾಥ ಹೇಳಿದ್ದು ಮಿಷನರಿಗಳು ಬರುವ ಎಷ್ಟೋ ಶತಮಾನ ಮುಂಚೆ. ವಿವರಣೆ ಎರವಲು ಎಂದು ತೋರಿಸಿದ ಮಾತ್ರಕ್ಕೆ ಅವಮಾನವೂ ಎರವಲಾಗುವುದಿಲ್ಲ. ರೋಮಿನಲ್ಲಿ ಪ್ರತಿ ಆಕರವನ್ನೂ ತಾಳ್ಮೆಯಿಂದ ತಿರುವಿ ನೋಡಿದ ಪದ್ಧತಿ ಕಲ್ಯಾಣಕ್ಕೆ ಬಂದಾಗ ಅವಸರಕ್ಕೆ ಬಿತ್ತು.

ಈ ಅವಸರವನ್ನು ಹಿಡಿದು ತೋರಿಸಲು ನಮಗೆ ಯುರೋಪು ಗೊತ್ತಿರಬೇಕಿತ್ತು. ಕನ್ನಡದ ನವ್ಯ ಲೇಖಕರು ಎಲಿಯಟ್, ಕಮೂ, ಸಾರ್ತ್ರರನ್ನು ಮನೆಮಾತಾಗಿಸಿದರು. ಅಗಸ್ಟೀನ್, ಕಾಲ್ವಿನ್ ಯಾರ ಚರ್ಚೆಗೂ ಬರಲಿಲ್ಲ. ಯುರೋಪಿನ ತಳಮಳ ನಮಗೆ ರುಚಿಸಿತು, ಅದನ್ನು ಹುಟ್ಟಿಸಿದ ದೈವಶಾಸ್ತ್ರ ಸಪ್ಪೆಯೆನಿಸಿತು. ಕಾಲೇಜುಗಳಲ್ಲಿ ಧಾರ್ಮಿಕ ಸುಧಾರಣೆ ಎಂಬುದು ಇವತ್ತಿಗೂ ಹತ್ತು ಅಂಕದ ಪ್ರಶ್ನೆ. ಹೀಗಾಗಿ ಬಾಲಗಂಗಾಧರರ ವಿರೋಧಿಗಳು ಅವರ ಉದ್ದೇಶವನ್ನು ಶಂಕಿಸಿದರೇ ಹೊರತು, ಕೋಟ್ಟಾನ ಬಗ್ಗೆ ಅವರ ಓದು ಸರಿಯೇ ಎಂದು ಕೇಳಲಿಲ್ಲ.